ಕೋಟೆಯನ್ನು ಕೆಡಹುವ ಬಗೆ

ಗಣಕಯಂತ್ರದ ಪರದೆಯ ಮೇಲೆ ರಾಜ್ಯ ಕಟ್ಟಿ ರಾಜ್ಯ ಕೆಡಹುವ ಆಟಗಳಲ್ಲಿ ‘ಏಜ್ ಆಫ್ ಎಂಪೈರ್ಸ್’ ಎಂಬುದರ ಎರಡನೆಯ ಭಾಗಕ್ಕೆ ದೊರೆತಷ್ಟು ದೀರ್ಘಾಯುಸ್ಸು ದೊರೆತವು ವಿರಳ. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಸಂಸ್ಥೆಯು 1999ರಲ್ಲಿ ಹೊರತಂದ ಈ ಆಟವು 2019ರಲ್ಲಿ ಹೊಸ ಉಡುಗೆ ತೊಟ್ಟು ಮತ್ತೆ ಬಂದಿತು. ಹೋಟೆಲಿನ ಬಾಗಿಲು ಹಾಕಿದ ಮೇಲೆ, ಕಛೇರಿಯ ಕಡತ ಕಟ್ಟಿಟ್ಟ ಮೇಲೆ, ಮಲಗುವ ಮುನ್ನಿನ ಒಂದು ಗಂಟೆಯ ಬಿಡುವನ್ನು ಇದಕ್ಕೆ ಒಪ್ಪಿಸುವ ತರುಣರು ನಮ್ಮವರಲ್ಲಿಯೂ ಉಂಟು. ಆ ಒಂದು ಗಂಟೆಯು ಅವರಿಗೆ ಸುಲಭವಾಗಿ ದೊರೆತುದಲ್ಲ. ಅದನ್ನು ಮೂರು ರಾತ್ರಿ ಒಂದೇ ಕೋಟೆಯ ಬುಡದಲ್ಲಿ ಸುರಿದು, ನಾಲ್ಕನೆಯ ರಾತ್ರಿಯೂ ಸೋತು ಮುಸುಕೆಳೆಯುವವರನ್ನು ಕಂಡುದರಿಂದ ಮುತ್ತಿಗೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು.

ಸೋಲುವವರು ಸೋಲುವ ರೀತಿ ಬಹುಮಟ್ಟಿಗೆ ಒಂದೇ. ನಲವತ್ತು ಮಂದಿ ಕತ್ತಿಯಾಳುಗಳೂ ಬಿಲ್ಲುಗಾರರೂ ಕೂಡಿದೊಡನೆ ಅವರನ್ನು ನೇರವಾಗಿ ಕೋಟೆಯ ಮೇಲೆ ಏರಿಸಿಬಿಡುವುದು. ಕೋಟೆಯ ಜೀವಬಲವೋ 4,800 ಅಂಕಗಳು. ಅದರೊಳಗೆ 20 ಮಂದಿ ಸೇರಿಕೊಳ್ಳಬಹುದು. ಬಿಲ್ಲುಗಾರರು ಒಳಹೊಕ್ಕಂತೆಲ್ಲ ಹೊರಬೀಳುವ ಬಾಣಗಳ ಸಂಖ್ಯೆ ಹೆಚ್ಚುತ್ತದೆ. ಹೊರಗಿನವರ ಬಾಣದಿಂದ ಕಲ್ಲಿಗೆ ಆಗುವ ಹಾನಿ ಅತ್ಯಲ್ಪ. ಆದ ಅಷ್ಟಿಷ್ಟು ಹಾನಿಯನ್ನೂ ವೈರಿಯ ಹಳ್ಳಿಗರು ಬಂದು ದುರಸ್ತಿ ಮಾಡಿಬಿಡುತ್ತಾರೆ. ಹೀಗೆ ಅರ್ಧ ಗಂಟೆಯ ಗಳಿಕೆಯು ಎರಡು ನಿಮಿಷಗಳಲ್ಲಿ ಮಣ್ಣುಪಾಲಾಗುತ್ತದೆ.

ಕೋಟೆಯ ಬಾಣವು ಮೊದಲಿಗೆ 8 ಮನೆಗಳ ದೂರಕ್ಕೆ ಹೋಗುತ್ತದೆ. ಎಲ್ಲ ಸುಧಾರಣೆಗಳನ್ನು ಮಾಡಿಕೊಂಡ ಮೇಲೆ 11 ಮನೆಗಳವರೆಗೆ ತಲಪುತ್ತದೆ. ಟ್ರೆಬುಶೆ ಎಂಬ ದೊಡ್ಡ ಕವಣೆಯಂತ್ರದ ಕಲ್ಲಾದರೋ 16 ಮನೆಗಳ ದೂರದಿಂದ ಬಂದು ಬೀಳುತ್ತದೆ. ಮುತ್ತಿಗೆಯ ಮರ್ಮವೆಲ್ಲ ಈ ಹನ್ನೊಂದಕ್ಕೂ ಹದಿನಾರಕ್ಕೂ ನಡುವಣ ಐದು ಮನೆಗಳಲ್ಲಿ ಅಡಗಿದೆ. ಆ ಅಂತರದಲ್ಲಿ ಯಂತ್ರವನ್ನು ನಿಲ್ಲಿಸಬಲ್ಲವನನ್ನು ಕೋಟೆಯು ಏನೂ ಮಾಡಲಾರದು.

ಆದರೆ ಆ ಯಂತ್ರವು ಪುಕ್ಕಟೆಯಾಗಿ ಬರುವುದಿಲ್ಲ. ಸ್ವಂತ ಕೋಟೆಯೊಂದಕ್ಕೆ 650 ಕಲ್ಲು, ನಾಲ್ಕನೆಯ ಯುಗಕ್ಕೆ ಏರಲು 1,000 ಆಹಾರ ಮತ್ತು 800 ಚಿನ್ನ, ಬಳಿಕ ಒಂದೊಂದು ಯಂತ್ರಕ್ಕೂ 200 ಮರ ಮತ್ತು 200 ಚಿನ್ನ. ಮೂರು ಯಂತ್ರಗಳಿಗಿಂತ ಕಡಿಮೆಯಿಟ್ಟುಕೊಂಡು ಹೊರಡಬಾರದೆಂಬುದು ನಮ್ಮ ಅಭಿಪ್ರಾಯ. ಲೆಕ್ಕ ಬರೆಯುವ ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಇಡ್ಲಿಗೆ ಹಿಂದಿನ ದಿನವೇ ಹಿಟ್ಟು ರುಬ್ಬಿಟ್ಟುಕೊಳ್ಳುವವರಿಗಂತೂ ಹೇಳುವುದೇ ಬೇಡ. ಮರ ಕಡಿಯುವ, ಚಿನ್ನ ಅಗೆಯುವ ಹಳ್ಳಿಗರು ಮೊದಲು. ಕತ್ತಿ ಹಿಡಿಯುವವರು ಆಮೇಲೆ.

ಯಂತ್ರವನ್ನು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಮಡಚಿಕೊಂಡು ಸಾಗುತ್ತದೆ; ಬಿಚ್ಚಿ ನಿಂತ ಮೇಲಷ್ಟೇ ಕಲ್ಲೆಸೆಯುತ್ತದೆ. ಓಡಾಡುವ ಆಳನ್ನು ಅದು ಹೊಡೆಯುವುದು ಅಪರೂಪ. ವೈರಿಯ ನಾಲ್ಕು ಕುದುರೆಗಳು ನುಗ್ಗಿದರೆ ಸಾಕು, 600 ಮರ, 600 ಚಿನ್ನಗಳಿಗೆ ಎಳ್ಳುನೀರು. ಆದುದರಿಂದ ಭರ್ಜಿಯವರನ್ನು ಯಂತ್ರಗಳ ಮುಂದೆಯೇ ನಿಲ್ಲಿಸಬೇಕು. ಓಡುವವರ ಬೆನ್ನಟ್ಟಿ ಕೋಟೆಯ ಬಾಣಕ್ಕೆ ಸಿಲುಕದಂತೆ ಅವರನ್ನು ಹಿಡಿದಿಡಬೇಕು. ಹಿಂದೆ ಇಬ್ಬರು ಹಳ್ಳಿಗರಿದ್ದರೆ ಜಖಂಗೊಂಡ ಯಂತ್ರವನ್ನು ಅಲ್ಲಿಯೇ ಸರಿಪಡಿಸುವರು. ಈ ಇಬ್ಬರನ್ನು ಮರೆತುಹೋಗುವವರೇ ಹೆಚ್ಚು.

ಈ ಮಡಚುವ ಬಿಚ್ಚುವ ವಿಷಯದಲ್ಲಿ ಆಟವು ನಮಗೆ ಬಹಳ ರಿಯಾಯಿತಿ ತೋರಿಸಿದೆಯೆನ್ನಬೇಕು. 1304ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡನು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯನ್ನು ಮುತ್ತಿದಾಗ ‘ವಾರ್‌ವುಲ್ಫ್’ ಎಂಬ ಭಾರೀ ಕವಣೆಯಂತ್ರವನ್ನು ಕಟ್ಟಿಸಿದನು. ಬಡಗಿಗಳು ಅದಕ್ಕಾಗಿ ಬಹುಕಾಲ ದುಡಿಯಬೇಕಾಯಿತು. ಅಷ್ಟರಲ್ಲಿ ಕೋಟೆಯವರು ಶರಣಾಗತರಾಗಲು ಬಂದರೆ, ಯಂತ್ರವನ್ನು ಒಮ್ಮೆ ಪ್ರಯೋಗಿಸಿ ನೋಡದೆ ಶರಣಾಗತಿಯನ್ನು ಒಪ್ಪೆನೆಂದನಂತೆ ಆ ರಾಜ! ಹಣ ಸುರಿದು ಮಾಡಿಸಿದ ಸಾಮಾನನ್ನು ಸುಮ್ಮನೆ ಬಿಡಲು ಅವನಿಗೂ ಮನಸ್ಸಾಗಲಿಲ್ಲ.

ನಾಲ್ಕನೆಯ ಯುಗವು ತೆರೆಯದ ಘಟ್ಟಗಳೂ ಆಟದಲ್ಲಿವೆ. ಅಲ್ಲಿ ಗೋಡೆಯನ್ನು ಗುದ್ದುವ ದಿಮ್ಮಿಯ ಗಾಡಿಯೇ ಗತಿ. ಒಂದಕ್ಕೆ 160 ಮರ, 75 ಚಿನ್ನ. ಬಾಣಕ್ಕೆ ಅದು ಬಗ್ಗದು, ಕತ್ತಿಗೆ ಬೇಗನೆ ಬಲಿಯಾಗುತ್ತದೆ. ಕಾಲಾಳುಗಳನ್ನು ಅದರೊಳಗೆ ಕೂರಿಸಿದರೆ ಓಟವೂ ಗುದ್ದಿನ ಬಲವೂ ಹೆಚ್ಚುವುವು. ಕತ್ತಿಯವರು ಬಂದೊಡನೆ ಅವರನ್ನು ಹೊರಗಿಳಿಸಿ ಕಾದಾಡಿಸಬಹುದು. 2022ರಲ್ಲಿ ಸೇರಿದ ಭಾರತೀಯ ಪಂಗಡಗಳ ಪೈಕಿ ದ್ರಾವಿಡರಿಗೆ ಈ ಗಾಡಿಯ ಬದಲು ಕವಚ ತೊಟ್ಟ ಆನೆಯನ್ನು ಕೊಟ್ಟಿದ್ದಾರೆ. ನಮ್ಮ ನಾಡಿನ ಹಳೆಯ ಕೋಟೆಗಳ ಹೆಬ್ಬಾಗಿಲುಗಳಲ್ಲಿ ಆನೆಗೆಂದೇ ಬಡಿದ ಕಬ್ಬಿಣದ ಮೊಳೆಗಳನ್ನು ಕಂಡವರಿಗೆ ಇದು ಮೆಚ್ಚಿಕೆಯಾದೀತು.

ಫ್ರಾನ್ಸಿನ ವೀರಕನ್ಯೆ ಜೋನಳ ಕಥಾಸರಣಿಯಲ್ಲಿ ಬರುವ ಒರ್ಲಿಯಾನ್ಸಿನ ಘಟ್ಟದಲ್ಲಿ ಅನೇಕರು ಮುಗ್ಗರಿಸುತ್ತಾರೆ. ಅಲ್ಲಿ ಮೊದಲು ಸಾಮಗ್ರಿಯ ಗಾಡಿಗಳನ್ನು ಪಟ್ಟಣಕ್ಕೆ ಮುಟ್ಟಿಸಬೇಕು. ಬಳಿಕ ಆಂಗ್ಲರ ಕೋಟೆಯೊಂದನ್ನು ಕೆಡಹಬೇಕು. ಜೋನಳು ಮಡಿದರೆ ಆಟ ಮುಗಿಯಿತು. ಚರಿತ್ರೆಯ ಕ್ರಮವೂ ಹೀಗೆಯೇ ಇದೆ. ಆಂಗ್ಲರು 1428ರ ಅಕ್ಟೋಬರದಲ್ಲಿ ಪಟ್ಟಣವನ್ನು ಮುತ್ತಿ, ಸೇತುವೆಯ ಕಾವಲಿಗಿದ್ದ ‘ತುರೆಲ್’ ದುರ್ಗವನ್ನು ಅದೇ ತಿಂಗಳಲ್ಲಿ ಹಿಡಿದರು. ಆದರೆ ಪಟ್ಟಣದ ಸುತ್ತಲೂ ಸಂಪೂರ್ಣ ಬಿಗಿ ಹಾಕಲು ಅವರಿಂದಾಗಲಿಲ್ಲ. ಆ ಸಡಿಲಿನಲ್ಲಿ ಜೋನಳು 1429ರ ಏಪ್ರಿಲ್ 29ರಂದು ಊರೊಳಗೆ ಬಂದಳು. ಅವಳು ಬೆಂಗಾವಲಾಗಿ ಬಂದುದು ಧಾನ್ಯದ ಸಾಗಣೆಗೆ. ಮೇ 7ರಂದು ತುರೆಲ್ ಬಿದ್ದಿತು. ಆ ದಿನ ಅವಳಿಗೂ ಕೊರಳ ಬುಡದಲ್ಲಿ ಬಾಣ ನೆಟ್ಟಿತ್ತು. ಮರುದಿನವೇ ಆಂಗ್ಲರು ಮುತ್ತಿಗೆ ತೆಗೆದರು.

ಗಾಯಗೊಂಡು ಮತ್ತೆ ಕಾಳಗಕ್ಕೆ ಮರಳಿದ ಅವಳ ಸಾಹಸವನ್ನು ಆಟದಲ್ಲಿ ಮಾತ್ರ ಅನುಕರಿಸಬಾರದು. ಗಾಡಿಗಳು ಊರು ಸೇರಿದೊಡನೆ ಅವಳನ್ನು ಪಟ್ಟಣದ ಒಳಗಡೆ ನಿಲ್ಲಿಸಿ, ಉಳಿದವರಿಂದ ಕೆಲಸ ಸಾಗಿಸುವುದೇ ಕ್ಷೇಮ. ಇನ್ನು ವೈರಿಯ ಕೋಟೆ ಕುಸಿಯುವ ಹೊತ್ತಿಗೆ ಒಳಗೆ ಅಡಗಿದ್ದವರೆಲ್ಲ ಒಮ್ಮೆಗೇ ಹೊರಬೀಳುತ್ತಾರೆ. ಗೆದ್ದೆವೆಂದು ಭರ್ಜಿಯವರನ್ನು ಆಗಲೇ ಬೇರೆ ಕಡೆಗೆ ಕಳುಹಿಸಿದ್ದರೆ, ಆ ಇಪ್ಪತ್ತು ಮಂದಿ ನೇರವಾಗಿ ಯಂತ್ರಗಳ ಮೇಲೆಯೇ ಬೀಳುವರು.