ಬೈಬಲ್ಲಿಗೆ ಅಂಕಿ ಬಿದ್ದ ಬಗೆ

ಚರ್ಚಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಅಡಿಯಲ್ಲಿ, ಕೆಲವು ಆಟೊಗಳ ಬೆನ್ನಿನ ಮೇಲೆ ‘ಯೋಹಾನ 3:16’ ಎಂಬ ಬರಹ ಬಹಳ ಮಂದಿಯ ಕಣ್ಣಿಗೆ ಬಿದ್ದಿರುತ್ತದೆ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯ, ಹದಿನಾರನೆಯ ವಚನ ಎಂದು ಓದಬೇಕು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಈ ವಿಳಾಸದ ಮೂರು ತುಂಡುಗಳು ಮೂರು ಬೇರೆ ಕಾಲಕ್ಕೆ ಸೇರಿದವು. ಸುವಾರ್ತೆ ಮೊದಲನೇ ಶತಮಾನದ ಕೊನೆಯ ಭಾಗದ್ದು, ‘3’ ಹದಿಮೂರನೆಯದರದ್ದು, ‘16’ ಹದಿನಾರನೆಯದರದ್ದು.

ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಪದಗಳ ನಡುವೆಯೇ ಜಾಗ ಬಿಡುತ್ತಿರಲಿಲ್ಲ. ಅಧ್ಯಾಯದ ಮಾತು ದೂರವೇ ಉಳಿಯಿತು. ನಾಲ್ಕನೇ ಶತಮಾನದಲ್ಲಿ ಯೂಸೇಬಿಯಸ್ ಎಂಬ ಬಿಷಪ್ ನಾಲ್ಕು ಸುವಾರ್ತೆಗಳ ಭಾಗಗಳಿಗೆ ಅಂಕಿ ಕೊಟ್ಟು, ಒಂದೇ ಪ್ರಸಂಗ ಯಾವ ಯಾವ ಸುವಾರ್ತೆಯಲ್ಲಿದೆ ಎಂದು ಹುಡುಕಲು ಹತ್ತು ಪಟ್ಟಿಗಳನ್ನು ಮಾಡಿದ. ಜಾಣ ಕೆಲಸ, ಆದರೆ ಅದು ಸುವಾರ್ತೆಗಳಿಗಷ್ಟೇ ಸೀಮಿತ.

ಈಗ ನಾವು ಬಳಸುವ ಅಧ್ಯಾಯಗಳು ಪಾಠಶಾಲೆಯ ಅಗತ್ಯದಿಂದ ಹುಟ್ಟಿದವು. ಪ್ಯಾರಿಸ್ಸಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಪ್ರತಿ ಒಂದೊಂದು ಬಗೆಯಲ್ಲಿದ್ದರೆ ಪಾಠ ಹೇಳುವವರು ಜಾಗ ತೋರಿಸುವುದು ಹೇಗೆ? 1200ರ ಆಸುಪಾಸಿನಲ್ಲಿ ಅಲ್ಲಿ ಪಾಠ ಹೇಳುತ್ತಿದ್ದ ಸ್ಟೀಫನ್ ಲ್ಯಾಂಗ್ಟನ್‌ಗೆ ಈ ವಿಭಜನೆಯ ಕೀರ್ತಿ ಸಲ್ಲುತ್ತದೆ. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿ, 1215ರ ಮ್ಯಾಗ್ನಾ ಕಾರ್ಟಾ ಪ್ರಸಂಗದಲ್ಲಿ ಓಡಾಡಿದವನೂ ಇವನೇ.

ವಚನಗಳ ಗಡಿ ಹೀಬ್ರೂ ಪ್ರತಿಗಳಲ್ಲಿ ಮೊದಲೇ ಇತ್ತು, ಅಂಕಿ ಮಾತ್ರ ಇರಲಿಲ್ಲ. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆ ಕೊಟ್ಟದ್ದು ಮುದ್ರಕ ರಾಬರ್ಟ್ ಎಸ್ಟಿಯೆನ್. ಪ್ಯಾರಿಸ್ ಬಿಟ್ಟು ಜಿನೀವಾ ಸೇರಿದ ಮೇಲೆ, 1551ರಲ್ಲಿ ಅಚ್ಚು ಹಾಕಿದ ಗ್ರೀಕ್ ಪ್ರತಿಯಲ್ಲಿ ಅವು ಕಾಣಿಸಿಕೊಂಡವು. ಪ್ಯಾರಿಸ್ಸಿನಿಂದ ಲಿಯೋನ್‌ಗೆ ಕುದುರೆ ಪ್ರಯಾಣದ ನಡುವೆ ಅಪ್ಪ ಈ ಕೆಲಸ ಮಾಡಿದ ಎಂದು ಮಗ ಬರೆದಿಟ್ಟಿದ್ದಾನೆ. ತಡಿಯ ಮೇಲೆ ಕೂತೇ ಬರೆದನೋ, ರಾತ್ರಿ ತಂಗಿದ ಛತ್ರದಲ್ಲೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕೆಲವು ಕಡೆ ಗೆರೆ ತಪ್ಪಿ ಬಿದ್ದಿರುವುದಂತೂ ನಿಜ. ಆದಿಕಾಂಡದಲ್ಲಿ ಸೃಷ್ಟಿಯ ಆರು ದಿನಗಳು ಮೊದಲ ಅಧ್ಯಾಯದಲ್ಲಿವೆ. ದೇವರು ವಿಶ್ರಮಿಸಿದ ಏಳನೆಯ ದಿನ ಎರಡನೆಯದಕ್ಕೆ ದಾಟಿಬಿಟ್ಟಿದೆ. ಯೆಶಾಯನ ಗ್ರಂಥದಲ್ಲಿ ನರಳುವ ಸೇವಕನ ಪದ್ಯ 52ನೇ ಅಧ್ಯಾಯದ 13ನೇ ವಚನದಲ್ಲೇ ಶುರುವಾಗುತ್ತದೆ, ಆದರೆ ಜನ ನೆನೆಯುವುದು 53ನ್ನು. ಇನ್ನೊಂದು ವಿಚಿತ್ರವಿದೆ. ಈಚಿನ ಹಲವು ಅನುವಾದಗಳಲ್ಲಿ ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯ 36ರಿಂದ ನೇರ 38ಕ್ಕೆ ಜಿಗಿಯುತ್ತದೆ. ಪ್ರಾಚೀನ ಪ್ರತಿಗಳಲ್ಲಿ ಆ ವಾಕ್ಯ ಇಲ್ಲದ್ದರಿಂದ ಅದನ್ನು ಅಡಿಟಿಪ್ಪಣಿಗೆ ಇಳಿಸಿದರು. ಉಳಿದವುಗಳ ಸಂಖ್ಯೆ ಬದಲಿಸಿದರೆ ಲೋಕದ ಉಲ್ಲೇಖಗಳೆಲ್ಲ ಕೆಡುತ್ತವೆಂದು ಅಂಕಿಯ ಜಾಗ ಖಾಲಿ ಬಿಟ್ಟರು.

ಪುಸ್ತಕಗಳ ಜೋಡಣೆಗೂ ಅದರದೇ ತರ್ಕವಿದೆ. ಪೌಲನ ಪತ್ರಗಳು ಬರೆದ ಕಾಲದ ಕ್ರಮದಲ್ಲಿಲ್ಲ: ಸಭೆಗಳಿಗೆ ಬರೆದವು ಮೊದಲು, ವ್ಯಕ್ತಿಗಳಿಗೆ ಬರೆದವು ಆಮೇಲೆ, ಎರಡರಲ್ಲೂ ಹೆಚ್ಚುಕಡಿಮೆ ಉದ್ದದ್ದು ಮುಂದೆ. ಹಾಗಾಗಿ ರೋಮಾಪುರದವರಿಗೆ ಬರೆದದ್ದು ಮೊದಲಲ್ಲಿ, 25 ವಚನಗಳ ಫಿಲೆಮೋನನ ಪತ್ರ ಕೊನೆಯಲ್ಲಿ. ಯೆಹೂದ್ಯರ ಗ್ರಂಥ ಪೂರ್ವಕಾಲವೃತ್ತಾಂತದಲ್ಲಿ ಮುಗಿಯುತ್ತದೆ. ಕ್ರೈಸ್ತರ ಹಳೆಯ ಒಡಂಬಡಿಕೆ ಪ್ರವಾದಿಗಳನ್ನು ಕೊನೆಗಿಟ್ಟು ಮಲಾಕಿಯನಲ್ಲಿ ನಿಲ್ಲುತ್ತದೆ, ಪುಟ ತಿರುಗಿಸಿದರೆ ಮತ್ತಾಯ. ಇದರಲ್ಲಿ ಸಂಪಾದಕರ ಕೈಯಷ್ಟೇ ಅಲ್ಲ, ನಂಬಿಕೆಯೂ ಇದೆ.

ಒಟ್ಟು ಪುಸ್ತಕಗಳು ಪ್ರಾಟೆಸ್ಟಂಟರಿಗೆ 66, ಕ್ಯಾಥೊಲಿಕರಿಗೆ 73. ವ್ಯತ್ಯಾಸವೆಲ್ಲ ಹಳೆಯ ಒಡಂಬಡಿಕೆಯಲ್ಲಿ. ಹೊಸದರ 27ರ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ಕೀರ್ತನೆಗಳು 150 ಆದರೂ ಗ್ರೀಕ್ ಮತ್ತು ಲ್ಯಾಟಿನ್ ಪ್ರತಿಗಳಲ್ಲಿ 9 ಮತ್ತು 10 ಒಂದೇ ಆಗಿರುವುದರಿಂದ ಪ್ರಸಿದ್ಧವಾದ 23ನೆಯ ಕೀರ್ತನೆ ಅಲ್ಲಿ 22. ಹಳೆಯ ಪುಸ್ತಕ ಹಿಡಿದು ಹುಡುಕುವವರು ಎಡವುವುದು ಇಲ್ಲೇ.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಕನ್ನಡದ ಇಡೀ ಬೈಬಲ್ ಬರುವ ಹೊತ್ತಿಗೆ ಈ ಏರ್ಪಾಡು ಎಂದೋ ಗಟ್ಟಿಯಾಗಿತ್ತು.

ಮೊದಲ ಸಲ ಓದುವವರು ಮಾರ್ಕನ ಸುವಾರ್ತೆಯಿಂದ ತೊಡಗಬಹುದು. ನಾಲ್ಕರಲ್ಲಿ ಅದೇ ಚಿಕ್ಕದು, ಹದಿನಾರೇ ಅಧ್ಯಾಯ. ಅಂಕಿಗಳ ಕಡೆ ನೋಡದೆ ಒಂದೇ ಸಲ ಕೂತು ಓದಿ; ವಿಳಾಸ ಬೇಕಾದಾಗ ಹಿಂದೆ ತಿರುಗಿ ಹುಡುಕಿಕೊಂಡರಾಯಿತು.