ಹಾಸಿಗೆ ಹುಣ್ಣು: ನೋವು ತಿಳಿಯದ ಗಾಯ

ಪುಣೆಯ ಖಡಕಿಯಲ್ಲಿರುವ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವು 1974ರಲ್ಲಿ ಸ್ಥಾಪನೆಯಾಯಿತು. ಬೆನ್ನುಹುರಿಗೆ ಪೆಟ್ಟುಬಿದ್ದು ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಯೋಧರಿಗೆ ಅದು ಆಶ್ರಯವಿತ್ತಿದೆ. ಇಂತಹ ಗಾಯಾಳುಗಳನ್ನು ಜೀವನಪರ್ಯಂತ ಕಾಡಬಲ್ಲ ಮತ್ತೊಂದು ಬಾಧೆಯೆಂದರೆ ಹಾಸಿಗೆ ಹುಣ್ಣು.

ಶರೀರದ ಭಾರವು ಒಂದೇ ಸ್ಥಳದ ಮೇಲೆ ಬಹಳ ಹೊತ್ತು ಬಿದ್ದಾಗ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮ ಮತ್ತು ಮಾಂಸಖಂಡಗಳಿಗೆ ರಕ್ತ ಹರಿಯುವುದು ಕುಂಠಿತವಾಗುತ್ತದೆ; ಆ ಭಾಗವು ಕ್ರಮೇಣ ಸಾಯುತ್ತದೆ. ಬೆನ್ನಿನ ಕೆಳತುದಿ, ಪೃಷ್ಠ, ಸೊಂಟದ ಪಕ್ಕ ಹಾಗೂ ಹಿಮ್ಮಡಿಗಳಲ್ಲಿ ಇದು ಹೆಚ್ಚು. ಆರೋಗ್ಯವಂತನು ನಿದ್ರೆಯಲ್ಲಿಯೂ ತನಗರಿವಿಲ್ಲದೆ ಮಗ್ಗುಲು ಬದಲಿಸುತ್ತಾನೆ. ಸ್ಪರ್ಶಜ್ಞಾನವಿಲ್ಲದವನಿಗೆ ಆ ಎಚ್ಚರಿಕೆ ದೊರೆಯದು. ಎಷ್ಟೋ ವೇಳೆ ಗಾಯವನ್ನು ಮೊದಲು ಕಾಣುವವರು ಸ್ನಾನ ಮಾಡಿಸುವವರು ಅಥವಾ ಬಟ್ಟೆ ಬದಲಿಸುವವರು.

ಸ್ಪರ್ಶಜ್ಞಾನ ಉಳಿದಿರುವ ವೃದ್ಧರು ಮತ್ತು ಮೂಳೆ ಮುರಿದವರ ಅನುಭವ ಬೇರೆ. ಅವರಿಗೆ ಪಟ್ಟಿ ಬಿಚ್ಚುವ ಗಳಿಗೆಯೇ ಯಾತನೆ. ಮಗ್ಗುಲು ತಿರುಗಿಸಲು ಬಂದವರನ್ನು ಕಂಡರೇ ಭಯ. ಆದರೆ ಅನೇಕರನ್ನು ನೋವಿಗಿಂತ ಹೆಚ್ಚಾಗಿ ಕುಗ್ಗಿಸುವುದು ಗಾಯದ ದುರ್ವಾಸನೆ. ನೋಡಲು ಬಂದ ಬಂಧುಗಳು ದೂರ ಕುಳಿತರೆ ರೋಗಿಗೆ ಕಾರಣ ತಿಳಿಯುತ್ತದೆ. ಗುಹ್ಯಸ್ಥಳದ ಸಮೀಪದ ಹುಣ್ಣನ್ನು ಪರರಿಗೆ ತೋರಿಸುವ ಸಂಕೋಚವೂ ಇದೆ. ವಿಶೇಷವಾಗಿ ಸ್ತ್ರೀಯರು ಇದನ್ನು ಹೇಳದೆ ಮುಚ್ಚಿಡುವುದುಂಟು. ಗಾಲಿಕುರ್ಚಿ ಬಳಸುವವರಿಗೆ ಪೃಷ್ಠದಲ್ಲಿ ಹುಣ್ಣಾದರೆ ಕುಳಿತುಕೊಳ್ಳುವುದೇ ನಿಷಿದ್ಧವಾಗಿ, ಕಷ್ಟಪಟ್ಟು ಗಳಿಸಿದ ಸ್ವಾವಲಂಬನೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೈಬಿಟ್ಟುಹೋಗುತ್ತದೆ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಡಾ. ಲುಡ್ವಿಗ್ ಗುಟ್‌ಮನ್ ಅವರು ಬೆನ್ನುಹುರಿಯ ಗಾಯಾಳುಗಳನ್ನು ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವ ಕಟ್ಟುನಿಟ್ಟಿನ ಪದ್ಧತಿಯನ್ನು ಜಾರಿಗೆ ತಂದರು. ಈಗ ರೋಗಿಯ ಸ್ಥಿತಿ ಮತ್ತು ಹಾಸಿಗೆಯ ಬಗೆಯನ್ನು ನೋಡಿ ವೈದ್ಯರು ಅವಧಿಯನ್ನು ಗೊತ್ತುಪಡಿಸುತ್ತಾರೆ. ರಾತ್ರಿಯ ಪಾಳಿ ಮನೆಯವರಿಗೆ ದಣಿವಿನ ಕೆಲಸ. ಒಬ್ಬರ ಮೇಲೆಯೇ ಹೊರಿಸದೆ ಹಂಚಿಕೊಳ್ಳುವುದು ಲೇಸು.

ತಿರುಗಿಸುವಾಗ ರೋಗಿಯನ್ನು ಎಳೆಯಬಾರದು, ಎತ್ತಬೇಕು. ಕೆಂಪಾದ ಜಾಗವನ್ನು ತಿಕ್ಕುವುದು, ಅದರಡಿ ರಬ್ಬರ್ ಉಂಗುರವಿಡುವುದು ನಮ್ಮಲ್ಲಿ ರೂಢಿಯಲ್ಲಿದ್ದರೂ ಹಾನಿಕರ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಗೋಚರಿಸದ ಕಾರಣ ಕೈಯಿಂದ ಮುಟ್ಟಿ, ಬಿಸಿ ಅಥವಾ ಗಡಸುತನವನ್ನು ಗಮನಿಸಬೇಕು. ತಾವೇ ನೋಡಿಕೊಳ್ಳಬಲ್ಲವರು ಪ್ರತಿದಿನ ಕನ್ನಡಿ ಹಿಡಿದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬೇಳೆ, ಹಾಲು, ಮೊಟ್ಟೆಗಳಂತಹ ಸಸಾರಜನಕಯುಕ್ತ ಆಹಾರವಿಲ್ಲದೆ ಗಾಯ ಬೇಗ ಮಾಯದು. ಚರ್ಮ ಒಡೆದಿದ್ದರೆ, ಕೀವು, ಜ್ವರ ಅಥವಾ ಕಪ್ಪು ಹಕ್ಕಳೆ ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.