ಹೊಳೆಯ ದಂಡೆಯ ಬಾವಿ

ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳನ್ನು ತೋಡಿ, ಒರತೆಯ ತಿಳಿನೀರನ್ನು ಮೆಲ್ಲಗೆ ಮೊಗೆದು ಕೊಡ ತುಂಬಿಸುವುದು ನಮ್ಮ ನಾಡಿನಲ್ಲಿ ಹೊಸತೇನಲ್ಲ. ಮರಳಿಗೆ ಸೋಸುವ ಗುಣವುಂಟೆಂಬುದನ್ನು ನಮ್ಮ ಹೆಂಗಸರು ಯಾವ ಗ್ರಂಥದಿಂದಲೂ ಕಲಿತವರಲ್ಲ. ಇದೇ ತಿಳಿವಳಿಕೆಯನ್ನು ನಂಬಿ ಹಾಲೆಂಡಿನ ಕೆಲವು ಊರುಗಳು ಸುಮಾರು ಒಂದೂವರೆ ಶತಮಾನದಿಂದ ನೀರು ಕುಡಿಯುತ್ತ ಬಂದಿವೆ.

ರೈನ್ ನದಿಯು ಹಾಲೆಂಡನ್ನು ಹೊಕ್ಕ ಮೇಲೆ ಕವಲೊಡೆದು, ವಾಲ್, ಲೆಕ್ ಮೊದಲಾದ ಹೆಸರುಗಳಿಂದ ಕಡಲಿನತ್ತ ಹರಿಯುತ್ತದೆ. ಆ ಮುಖಜಭೂಮಿಯಲ್ಲಿ ನೀರಿಗೆ ಬರವಿಲ್ಲ. ಕುಡಿಯುವ ನೀರಿಗೆ ಮಾತ್ರ ಬಡತನ. ನೆಲದಾಳದಲ್ಲಿ ಉಪ್ಪು, ನದಿಯಲ್ಲಿ ಮೇಲಣ ಪಟ್ಟಣಗಳ ಕೊಳೆ. ನೀರನ್ನು ಇವೆರಡರ ನಡುವಿನಿಂದ ಎತ್ತಬೇಕು. ದಂಡೆಯ ಮರಳಿನ ಮೂಲಕ ನದಿಯ ನೀರನ್ನು ಪಡೆಯುವ ಪ್ರಯತ್ನ 1810ರಲ್ಲಿಯೇ ಗ್ಲಾಸ್ಗೋದಲ್ಲಿ ಕ್ಲೈಡ್ ನದಿಯ ಬಳಿ ನಡೆದಿತ್ತು. ಡಚ್ಚರು ವಾಲ್ ನದಿಯ ದಂಡೆಯ ನೈಮೇಗನ್ನಿನಲ್ಲಿ 1879ರಲ್ಲಿ ಅದನ್ನು ಕೈಗೊಂಡರು.

ಬಾವಿಯಿಂದ ನೀರೆತ್ತಿದಂತೆಲ್ಲ ಅದರ ಸುತ್ತಣ ಜಲಮಟ್ಟ ಇಳಿಯುತ್ತದೆ. ನದಿಯ ನೀರು ತಳದ ಕೆಸರನ್ನೂ ಮರಳನ್ನೂ ಹಾಯ್ದು ಅತ್ತ ಜಿನುಗುತ್ತದೆ. ಹೆಚ್ಚಿನ ಕೆಲಸವೆಲ್ಲ ನಡೆಯುವುದು ತಳದ ಮೊದಲ ಕೆಲವು ಅಂಗುಲಗಳಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಪದಾರ್ಥವನ್ನು ತಿಂದು ಅರಗಿಸುತ್ತವೆ. ರೋಗಾಣುಗಳು ಮರಳಿನ ಕಣಗಳಲ್ಲಿ ಸಿಕ್ಕಿ, ದಿನ ಕಳೆದಂತೆ ಸಾಯುತ್ತವೆ. ಆದರೆ ಈ ಉಪಕಾರಕ್ಕೊಂದು ಬೆಲೆಯುಂಟು. ಜೀವಿಗಳು ನೀರಿನ ಪ್ರಾಣವಾಯುವನ್ನೆಲ್ಲ ಬಳಸಿಬಿಟ್ಟರೆ ಮಣ್ಣಿನ ಕಬ್ಬಿಣ, ಮ್ಯಾಂಗನೀಸುಗಳು ಕರಗಿ ನೀರಿಗಿಳಿಯುತ್ತವೆ. ಮೇಲೆ ಬಂದ ನೀರಿಗೆ ಗಾಳಿಯಾಡಿಸಿ ಅವನ್ನು ಮತ್ತೆ ಸೋಸಬೇಕು.

ಈ ನಿಧಾನವೇ ಬಾವಿಯ ದೊಡ್ಡ ಆಸ್ತಿಯೆಂದು ನನಗೆ ತೋರುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕಗಳ ಉಗ್ರಾಣವೊಂದು ಹೊತ್ತಿ ಉರಿದು, ಬೆಂಕಿ ಆರಿಸಿದ ನೀರಿನೊಡನೆ ಕೀಟನಾಶಕಗಳು ರೈನಿಗೆ ಹರಿದವು. ಹಾವುಮೀನುಗಳು ಲಕ್ಷಗಟ್ಟಲೆ ಸತ್ತವು. ಅಂಥ ವಿಷದ ಅಲೆ ನದಿಯಲ್ಲಿ ಕೆಲವು ದಿನಗಳಲ್ಲಿ ಸಾಗಿಹೋಗುತ್ತದೆ. ಮರಳಿನಲ್ಲಿ ತಿಂಗಳು, ವರ್ಷಗಳ ಕಾಲ ನಡೆದುಬರುವ ನೀರಿನಲ್ಲಾದರೋ ಅದು ಹಿಂದುಮುಂದಿನ ನೀರಿನೊಡನೆ ಬೆರೆತು ತೆಳುವಾಗುತ್ತದೆ. ಎಚ್ಚರಗೊಳ್ಳಲು ಜನರಿಗೆ ಬಿಡುವು ದೊರೆಯುತ್ತದೆ.

ಪಿಎಫ್‌ಎಎಸ್ ಎಂಬ, ಸುಲಭವಾಗಿ ಅಳಿಯದ ರಾಸಾಯನಿಕಗಳಲ್ಲಿ ಹಲವು ಮರಳಿಗೂ ಮಣಿಯವು. ಉಪ್ಪಿನ ತೊಡಕಂತೂ ಬೇರೆಯೇ. ಸಿಹಿನೀರು ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತದೆ. ಜಲಮಟ್ಟವು ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಮೀಟರಿನವರೆಗೆ ಸಿಹಿನೀರಿರುತ್ತದೆಂಬ ಲೆಕ್ಕವನ್ನು 19ನೆಯ ಶತಮಾನದ ಕೊನೆಯಲ್ಲಿ ತೋರಿಸಿದವನು ಡಚ್ ಇಂಜಿನಿಯರ್ ಬಾಡೊನ್ ಘೈಬೆನ್. ಆಸೆಪಟ್ಟು ನೀರನ್ನು ಅತಿಯಾಗಿ ಸೆಳೆದರೆ ಕೆಳಗಿನ ಉಪ್ಪು ಬಾವಿಯ ಬಾಯಿಗೇ ಏರುತ್ತದೆ.

2018, 2022ರ ಬೇಸಗೆಗಳಲ್ಲಿ ರೈನ್ ಬಹಳವಾಗಿ ಇಳಿಯಿತು. ಹರಿವು ತಗ್ಗಿದಾಗ ಕಡಲಿನ ಉಪ್ಪು ನದೀಮುಖದಿಂದ ಒಳನುಗ್ಗುತ್ತದೆ; ಊರಿಗೆ ನೀರು ಹೆಚ್ಚು ಬೇಕಾಗುವುದೂ ಆಗಲೇ. ಉಪ್ಪನ್ನು ಬೇರ್ಪಡಿಸಲು ನೀರನ್ನು ಒತ್ತಡದಿಂದ ಸೂಕ್ಷ್ಮವಾದ ಪೊರೆಗಳ ಮೂಲಕ ಹಾಯಿಸುವ ಉಪಾಯವೇನೋ ಇದೆ. ಹಾಗೆ ಸೋಸಿದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರನ್ನು ಎಲ್ಲಿ ಬಿಡಬೇಕೆಂಬ ತಕರಾರು ಅದರ ಬೆನ್ನಿಗೇ ಬರುತ್ತದೆ.